ಮೂರನೇ ವಾರಕ್ಕೆ ಬನ್ನಿ

ನೆರವಿನ ಕರೆಗಳಿಗೂ ಒಂದೊಂದು ಹಂಗಾಮು ಇದೆ. ಜೂನ್ ಬಂತೆಂದರೆ ಸಸಿ ನೆಡುವವರ ಸೆಲ್ಫಿ, ಆಗಸ್ಟ್ ಬಂತೆಂದರೆ ನೆರೆಯ ವಿಡಿಯೊ. ಗಡಿಯಲ್ಲಿ ಗುಂಡಿನ ಸದ್ದಾದರೆ ಹುತಾತ್ಮ ಯೋಧನ ಫೋಟೊ, ಅದರ ಕೆಳಗೊಂದು ಕ್ಯುಆರ್ ಕೋಡ್. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ನಾಲ್ಕು ದಿನ ಇದೇ ಮಾತು. ಐದನೇ ದಿನಕ್ಕೆ ಕ್ರಿಕೆಟ್ಟೋ, ಯಾವುದೋ ಪರೀಕ್ಷೆಯ ಫಲಿತಾಂಶವೋ ಬಂದು ಆ ಜಾಗ ಹಿಡಿಯುತ್ತದೆ.

ಆ ನಾಲ್ಕು ದಿನಗಳಲ್ಲಿ ನನ್ನಂಥವರ ಸಂಕಟ ವಿಚಿತ್ರವಾದುದು. ನಾನು ಧಾರವಾಡದ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವಳು. ಸಂಜೆ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ತಿಂಗಳಿಗೆ ಮೂರೂವರೆ ಸಾವಿರ ಸಿಗುತ್ತದೆ. ರೂಮಿನ ಬಾಡಿಗೆಯನ್ನು ಇನ್ನೂ ಅಪ್ಪನೇ ಕಳಿಸುತ್ತಾರೆ. ಇಂಥ ಹೊತ್ತಿನಲ್ಲಿ ಯಾರದೋ ಮನೆ ಮುಳುಗಿದ, ಯಾವುದೋ ಕಾಡು ಉರಿದ, ಯಾರದೋ ಮಗ ಶವಪೆಟ್ಟಿಗೆಯಲ್ಲಿ ಊರಿಗೆ ಬಂದ ಚಿತ್ರ ಕಂಡರೆ ಕರುಳು ಚುರುಕ್ ಅನ್ನುತ್ತದೆ. ಹಿಂದೆಯೇ ಇನ್ನೊಂದು ಮನಸ್ಸು ಕೇಳುತ್ತದೆ: ನಿನ್ನ ಕಾಲ ಮೇಲೆ ನೀನೇ ನಿಂತಿಲ್ಲ, ನೀನೇನು ಮಾಡಬಲ್ಲೆ? ಕೈಮುಗಿದ ಒಂದು ಇಮೋಜಿ ಒತ್ತಿ ಮುಂದೆ ಹೋಗುವವರಲ್ಲಿ ಹೆಚ್ಚಿನವರು ಕಲ್ಲುಮನಸ್ಸಿನವರಲ್ಲ. ಏನು ಮಾಡಬೇಕೆಂದು ಅವರಿಗೆ ತಿಳಿದಿರುವುದಿಲ್ಲ, ಅಷ್ಟೆ.

ಈ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರವಿದೆ. ಅದನ್ನು ನಾನು ಕಲಿತದ್ದು ಕೊಡುವವರ ಸಾಲಿನಲ್ಲಿ ನಿಂತಲ್ಲ, ತೆಗೆದುಕೊಳ್ಳುವವರ ಸಾಲಿನಲ್ಲಿ ನಿಂತು.

ಹೊಳೆ ಊರೊಳಗೆ ಬಂದಾಗ

ನಮ್ಮೂರು ಮಲಪ್ರಭೆಯ ದಂಡೆಯಲ್ಲಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯಲ್ಲಿ, ನವಿಲುತೀರ್ಥದ ಅಣೆಕಟ್ಟೆಯಿಂದ ಕೆಳಗೆ ವರ್ಷದ ಬಹುಪಾಲು ದಿನ ನೀರೇ ಇರುವುದಿಲ್ಲ. ನಾನು ಸಣ್ಣವಳಿದ್ದಾಗ ಅದರ ಪಾತ್ರದೊಳಗೆ ಜಾಲಿ ಗಿಡ ಬೆಳೆದಿತ್ತು, ಕೆಲವು ಕಡೆ ಕಬ್ಬೂ ಬೆಳೆದಿತ್ತು. 2019ರ ಆಗಸ್ಟ್‌ನಲ್ಲಿ ಮೇಲೆ ಮಳೆ ಹೊಯ್ದು, ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆ ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ಆ ಜಾಗದಲ್ಲಿ ನಮ್ಮ ಮನೆಗಳಿದ್ದವು.

ಆಗ ನನಗೆ ಹದಿನೆಂಟು, ಬಿ.ಎ. ಮೊದಲ ವರ್ಷ. ನಡೆಯಲಾರದ ಅಜ್ಜಿಯನ್ನು ಎತ್ತಿಕೊಂಡು ದೋಣಿಗೆ ಹತ್ತಿಸಿದವನು ಒಬ್ಬ ಸೈನಿಕ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ದಡ ಮುಟ್ಟುವವರೆಗೂ ಆಕೆ ಅವನ ತೋಳು ಬಿಡಲಿಲ್ಲ. ಪರಿಸರ, ಮನುಷ್ಯರ ಕಷ್ಟ, ಸೇನೆ ಎಂದು ನಾವು ಮೂರು ಬೇರೆ ಬೇರೆ ಪ್ರಬಂಧ ಬರೆಯುತ್ತೇವಲ್ಲ, ಆ ಮೂರನ್ನೂ ನಾನು ಒಂದೇ ದಿನ, ಒಂದೇ ಹೊಳೆಯಲ್ಲಿ ಕಂಡೆ.

ಎತ್ತರದ ಮೇಲಿದ್ದ ಸರ್ಕಾರಿ ಶಾಲೆ ಗಂಜಿ ಕೇಂದ್ರವಾಯಿತು. ಮೊದಲ ವಾರ ಟೆಂಪೊಗಳು ಒಂದರ ಹಿಂದೆ ಒಂದು ಬಂದವು. ನೆರೆ ಬಾರದ ಊರುಗಳ ಹೆಣ್ಣುಮಕ್ಕಳು ರಾತ್ರಿಯೆಲ್ಲ ಬಡಿದು ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಋಣ ಈ ಜನ್ಮದಲ್ಲಿ ತೀರುವಂಥದ್ದಲ್ಲ. ಬಿಸ್ಕತ್ತು, ಬ್ರೆಡ್ಡು, ನೀರಿನ ಬಾಟಲಿಗೂ ಕೊರತೆಯಿರಲಿಲ್ಲ. ಹಳೆಯ ಬಟ್ಟೆಗಳಂತೂ ಶಾಲೆಯ ಒಂದು ಕೋಣೆ ತುಂಬಿ, ಜಗಲಿಗೆ ಬಂದು, ಕೊನೆಗೆ ಮಳೆಯಲ್ಲಿ ತೊಯ್ದು ನಾರತೊಡಗಿದವು. ಹರಿದ ಜೀನ್ಸು, ಒಂಟಿ ಬೂಟು, ಮದುವೆಗೆ ಉಡುವ ಜರಿಯ ಸೀರೆ.

ನಮ್ಮವ್ವ ಆ ರಾಶಿಯ ಮುಂದೆ ನಿಂತು ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಸೀರಿ ಬೇಕಾದಷ್ಟು ಬಂದಾವ, ಒಂದು ಲಂಗಾ ಬಂದಿಲ್ಲ ನೋಡ."

ಅದೇ ಸಮಸ್ಯೆ. ಲಂಗ, ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಬಕೆಟ್ಟು, ಬ್ಯಾಟರಿ, ಸೊಳ್ಳೆ ಬತ್ತಿ, ಅಜ್ಜಿಯ ಬಿ.ಪಿ. ಗುಳಿಗೆ, ದನಗಳಿಗೆ ಕಣಿಕೆ. ಬೇಕಾಗಿದ್ದದ್ದು ಇವು. ಯಾರಾದರೂ ಒಬ್ಬರು ಒಂದು ಫೋನ್ ಮಾಡಿ "ನಿಮಗ ಏನ ಬೇಕು?" ಎಂದು ಕೇಳಿದ್ದರೆ ಇಡೀ ಪಟ್ಟಿ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಬಂದವರೆಲ್ಲ ಒಳ್ಳೆಯವರೇ. ಆದರೆ ಅವರು ತಮ್ಮ ಕಪಾಟು ನೋಡಿ ಕೊಟ್ಟಿದ್ದರು, ನಮ್ಮ ಮುಖ ನೋಡಿ ಅಲ್ಲ.

ಎರಡನೇ ವಾರ ನೀರು ಇಳಿಯಿತು. ಮೂರನೇ ವಾರ ನಾವು ಮನೆಗೆ ಮರಳಿದೆವು. ಮನೆ ಅಂದರೆ ಏನು, ಎರಡು ಗೋಡೆ ಮತ್ತು ಮೊಣಕಾಲುದ್ದ ಕೆಸರು. ನೆನೆದ ಜೋಳ ಮೊಳಕೆಯೊಡೆದು ಹುಳಿ ವಾಸನೆ ಬರುತ್ತಿತ್ತು. ಆ ವಾರ ಒಂದು ಟೆಂಪೊ ಬರಲಿಲ್ಲ, ಒಂದು ಕ್ಯಾಮೆರಾ ಬರಲಿಲ್ಲ. ಸುದ್ದಿ ಮುಗಿದಿತ್ತು, ನಮ್ಮ ಕಷ್ಟ ಆಗಷ್ಟೇ ಶುರುವಾಗಿತ್ತು. ತಕ್ಷಣದ ಪರಿಹಾರವೆಂದು ಸರ್ಕಾರ 10 ಸಾವಿರ ರೂಪಾಯಿ ಕೊಡುತ್ತಿತ್ತು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಆ ಹಣಕ್ಕೂ ನಮಗೂ ನಡುವೆ ಅರ್ಜಿಗಳಿದ್ದವು. ಪಹಣಿ, ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಎಲ್ಲವೂ ಹೊಳೆಯ ಪಾಲಾಗಿದ್ದವು.

ಆಗ ಬಂದವರು ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳು. ಅವರ ಕೈಯಲ್ಲಿ ಸಾಮಾನಿನ ಮೂಟೆಯಿರಲಿಲ್ಲ. ಒಂದಿಷ್ಟು ಹಾಳೆ, ಪೆನ್ನು, ಒಂದು ಲ್ಯಾಪ್‌ಟಾಪ್, ಒಂದು ಸಣ್ಣ ಪ್ರಿಂಟರ್. ಗುಡಿಯ ಕಟ್ಟೆಯ ಮೇಲೆ ಮೂರು ದಿನ ಕೂತರು. ಯಾರ ಮನೆ ಎಷ್ಟು ಬಿದ್ದಿದೆ, ಯಾರ ಹೆಸರು ಪಟ್ಟಿಯಲ್ಲಿಲ್ಲ, ಯಾವ ಹುಡುಗಿಯ ಅಂಕಪಟ್ಟಿ ಕಳೆದಿದೆ ಎಂದು ಬರೆದುಕೊಂಡರು. ಫೋಟೊ ತೆಗೆದರು, ನಮ್ಮದಲ್ಲ, ಬಿದ್ದ ಗೋಡೆಗಳದ್ದು. ಅರ್ಜಿ ತುಂಬಿ, ಪ್ರತಿ ತೆಗೆದು ಕೈಗಿಟ್ಟರು, ಸ್ವೀಕೃತಿ ಪಡೆಯದೆ ಅರ್ಜಿ ಕೊಟ್ಟು ಬರಬೇಡಿ ಎಂದು ಹೇಳಿಕೊಟ್ಟರು. ಅವರು ಖರ್ಚು ಮಾಡಿದ್ದು ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಆಗಿದ್ದರೆ ಹೆಚ್ಚು. ನಮ್ಮೂರಿಗೆ ಅದಕ್ಕಿಂತ ದೊಡ್ಡ ದಾನ ಬಂದದ್ದು ನಾನು ಕಾಣೆ.

ನೆರವಿನ ವಿಷಯದಲ್ಲಿ ನಾನು ನಂಬಿರುವುದು ಇಷ್ಟೇ: ಮೊದಲು ಕೇಳಿ, ಆಮೇಲೆ ಕೊಡಿ. ಸಾಧ್ಯವಾದರೆ ಎಲ್ಲರೂ ಹೋದ ಮೇಲೆ ಬನ್ನಿ.

ಕಷ್ಟ ಬರುವ ಮೊದಲು

ಎಲ್ಲರೂ ಹೋದ ಮೇಲೆ ಬರುವುದು ಒಂದು ಕೆಲಸವಾದರೆ, ಕಷ್ಟ ಬರುವ ಮೊದಲೇ ತಯಾರಾಗಿರುವುದು ಇನ್ನೊಂದು. ಪರೀಕ್ಷೆಗೆ ಓದುವವರಿಗೆ ಹೆನ್ರಿ ಡ್ಯುನಾಂಟ್ ಹೆಸರು ಗೊತ್ತು: ರೆಡ್ ಕ್ರಾಸ್ ಸ್ಥಾಪನೆಗೆ ಕಾರಣನಾದವನು, 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವನು. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಕಥೆ ಅದಕ್ಕಿಂತ ದೊಡ್ಡದು.

1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ಫ್ರಾನ್ಸ್ ಮತ್ತು ಅದರ ಮಿತ್ರರಿಗೂ ಆಸ್ಟ್ರಿಯಾದ ಸೇನೆಗೂ ಘೋರ ಯುದ್ಧ ನಡೆಯಿತು. ಡ್ಯುನಾಂಟ್ ಸೈನಿಕನೂ ಅಲ್ಲ, ವೈದ್ಯನೂ ಅಲ್ಲ. ವ್ಯಾಪಾರದ ಕೆಲಸದ ಮೇಲೆ ಆ ಕಡೆ ಬಂದಿದ್ದ 31 ವರ್ಷದ ಸ್ವಿಸ್ ಯುವಕ. ಸಾವಿರಾರು ಗಾಯಾಳುಗಳು ನೀರು ಕೇಳುತ್ತ ಬಿದ್ದದ್ದನ್ನು ಕಂಡು, ಹತ್ತಿರದ ಕ್ಯಾಸ್ಟಿಲಿಯೋನೆ ಊರಿನ ಹೆಂಗಸರನ್ನು ಸೇರಿಸಿ ಆರೈಕೆಗೆ ನಿಂತ. ಗಾಯಾಳು ಯಾವ ಪಕ್ಷದವನು ಎಂದು ಅವರು ಕೇಳಲಿಲ್ಲ. ಊರಿಗೆ ಮರಳಿದ ಮೇಲೂ ಅವನು ಅದನ್ನು ಮರೆಯಲಿಲ್ಲ. 1862ರಲ್ಲಿ ಒಂದು ಪುಸ್ತಕ ಬರೆದು ಪ್ರತಿ ದೇಶದ ಮುಂದೂ ಒಂದು ಸಲಹೆ ಇಟ್ಟ: ಗಾಯಾಳುಗಳನ್ನು ನೋಡಿಕೊಳ್ಳುವ ಸ್ವಯಂಸೇವಕರನ್ನು ಶಾಂತಿಯ ಕಾಲದಲ್ಲೇ ತಯಾರು ಮಾಡಿಡಿ. ಮರುವರ್ಷವೇ ಜಿನೀವಾದಲ್ಲಿ ರೆಡ್ ಕ್ರಾಸ್‌ನ ಮೊದಲ ಸಮಿತಿ ಹುಟ್ಟಿತು. 1920ರಲ್ಲಿ ಭಾರತೀಯ ರೆಡ್ ಕ್ರಾಸ್ ಸೊಸೈಟಿ ಬಂತು.

ಶಾಂತಿಯ ಕಾಲದ ಆ ತಯಾರಿಗೆ ನಮ್ಮ ಕಾಲೇಜುಗಳಲ್ಲೇ ಬಾಗಿಲುಗಳಿವೆ. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ಶಿಬಿರ. ಯೂತ್ ರೆಡ್ ಕ್ರಾಸ್ ಘಟಕಗಳಿವೆ, ಎನ್‌ಸಿಸಿ ಇದೆ. ಪ್ರಮಾಣಪತ್ರಕ್ಕಾಗಿ ಸೇರುವವರೇ ಹೆಚ್ಚು, ಸೇರಲಿ. ಆದರೆ ಶಿಬಿರದಲ್ಲಿ ಪ್ರಥಮ ಚಿಕಿತ್ಸೆ ಹೇಳಿಕೊಡುವಾಗ ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡಬೇಡಿ. ರಕ್ತ ಸುರಿಯುವ ಗಾಯಕ್ಕೆ ಎಲ್ಲಿ ಒತ್ತಬೇಕು, ಪ್ರಜ್ಞೆ ತಪ್ಪಿದವರನ್ನು ಹೇಗೆ ಮಲಗಿಸಬೇಕು ಎಂಬುದು ಕಲಿಯುವ ದಿನ ಬೇಸರ ತರಿಸುತ್ತದೆ, ಬೇಕಾದ ದಿನ ಒಂದು ಜೀವ ಉಳಿಸುತ್ತದೆ. ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆಯೂ ಸಾಮಾನ್ಯ ಜನರಿಗೇ ತರಬೇತಿ ಕೊಡುವಂಥದ್ದು. ನಿಮ್ಮ ಜಿಲ್ಲೆಯಲ್ಲಿ ತರಬೇತಿ ಯಾವಾಗ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕಿಸೆಯಲ್ಲಿ ಒಂದು ರೂಪಾಯಿ ಇಲ್ಲದವರೂ ಕೊಡಬಹುದಾದದ್ದು ರಕ್ತ. 18ರಿಂದ 65ರ ವಯಸ್ಸು, ಕನಿಷ್ಠ 45 ಕಿಲೊ ತೂಕ, ಹಿಮೋಗ್ಲೋಬಿನ್ 12.5 ಗ್ರಾಂ ಇದ್ದು ಆರೋಗ್ಯವಂತರಾಗಿದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇಲ್ಲಿಯೂ ಮೂರನೇ ವಾರದ ಮಾತೇ ಬರುತ್ತದೆ. ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಐದು ದಿನ ಮಾತ್ರ ಬಾಳುತ್ತದೆ, ಕೆಂಪು ರಕ್ತಕಣ 35ರಿಂದ 42 ದಿನ. ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಒಂದೇ ದಿನ ಮುನ್ನೂರು ಜನ ಕೊಟ್ಟರೆ ಮುಂದಿನ ತಿಂಗಳ ಡೆಂಗಿ ರೋಗಿಗೆ ಅದರ ಪ್ಲೇಟ್‌ಲೆಟ್ ಸಿಗುವುದಿಲ್ಲ. ಆದ್ದರಿಂದ ನಮ್ಮ ಪಿ.ಜಿ.ಯ ಆರು ಜನ ಒಂದು ಸರದಿ ಮಾಡಿಕೊಂಡಿದ್ದೇವೆ. ವರ್ಷಕ್ಕೆ ಎರಡೇ ಸಲ, ಆದರೆ ಇಬ್ಬರು ಒಂದೇ ತಿಂಗಳಲ್ಲಿ ಕೊಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿರುವುದಿಲ್ಲ. ಆಗ ಊರಲ್ಲಿ ಉಳಿಯುವ ನಮ್ಮಂಥ ಉದ್ಯೋಗಾಕಾಂಕ್ಷಿಗಳು ರಕ್ತನಿಧಿಗೆ ಹೋಗಿ ಬರುವುದು ದೊಡ್ಡ ಉಪಕಾರ.

ನೆಟ್ಟವರು ಬಹಳ, ನೀರೆರೆದವರು?

ಜೂನ್ 5ರಂದು ನೆಟ್ಟ ಸಸಿಗೆ ಜೂನ್ ಇಡೀ ಮಳೆಯೇ ನೀರುಣಿಸುತ್ತದೆ. ಅದಕ್ಕೆ ನಾವು ಬೇಕಾಗುವುದು ಮಾರ್ಚ್‌ನಲ್ಲಿ. ಆ ಮಾರ್ಚ್, ಅದರ ಮುಂದಿನ ಮಾರ್ಚ್, ಅದರ ಮುಂದಿನದು. ಮೂರು ಬೇಸಿಗೆ ದಾಟಿದ ಗಿಡ ಆಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಸಾಲುಮರದ ತಿಮ್ಮಕ್ಕನವರ ಹೆಸರು ಕೇಳದ ಕನ್ನಡಿಗರಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಅವರು ಬೆಳೆಸಿದ 385 ಆಲದ ಮರಗಳ ಲೆಕ್ಕವೂ ನಮಗೆ ಬಾಯಿಪಾಠ. ನಾವು ಮರೆಯುವುದು ಕೊಡಗಳನ್ನು. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಮೊದಲ ವರ್ಷ ನೆಟ್ಟದ್ದು ಹತ್ತೇ ಸಸಿ. ಮುಂದಿನ ವರ್ಷಗಳಲ್ಲಿ ಇನ್ನೊಂದಿಷ್ಟು. ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿ, ಕಿಲೊಮೀಟರ್‌ಗಟ್ಟಲೆ ನೀರು ಹೊತ್ತು ಹಾಕಿದರು. ಮೊದಲ ದಿನವೇ 385 ನೆಟ್ಟಿದ್ದರೆ ಇಂದು ಅಲ್ಲಿ ಒಂದು ಮರವೂ ಇರುತ್ತಿರಲಿಲ್ಲವೇನೋ. ತಮ್ಮ ಕೈಗೆ ಎಷ್ಟು ಕೊಡ ನೀರು ಹೊರಲು ಸಾಧ್ಯವೋ ಅಷ್ಟೇ ಸಸಿ ನೆಡುವ ಲೆಕ್ಕ ಆ ಅಕ್ಷರ ಬಾರದ ತಾಯಿಗೆ ತಿಳಿದಿತ್ತು.

ನಮ್ಮ ಪಿ.ಜಿ.ಯ ಬೀದಿಯಲ್ಲಿ ಯಾರೋ ನೆಟ್ಟು ಹೋದ ಹೊಂಗೆಯ ಸಸಿಗಳಿವೆ. ಅವುಗಳಲ್ಲಿ ಮೂರು ನನ್ನ ಪಾಲಿಗೆ. ಬಟ್ಟೆ ಒಗೆದ ಕೊನೆಯ ನೀರು, ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ನಿಮಿಷ. ಇದು ಎರಡನೇ ಬೇಸಿಗೆ. ಇನ್ನೊಂದು ದಾಟಿದರೆ ನಾನು ಧಾರವಾಡ ಬಿಟ್ಟರೂ ಅವು ನಿಲ್ಲುತ್ತವೆ.

ಪರಿಸರಕ್ಕೆ ಬೇಕಾದದ್ದು ನೀರೆರೆಯುವವರು ಮಾತ್ರವಲ್ಲ, ಓದುವವರೂ ಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಕಾಡಿನಲ್ಲಿ ಹಳ್ಳಿಯ ಯುವಕರು, ಹೆಂಗಸರು ಮರಗಳನ್ನು ಅಪ್ಪಿ ನಿಂತರು. ಕೊಡಲಿ ಹಿಂದೆ ಸರಿಯಿತು. ಅಪ್ಪಿಕೋ ಚಳವಳಿ ಎಂದು ನಾವು ನೋಟ್ಸ್‌ನಲ್ಲಿ ಬರೆದುಕೊಳ್ಳುವುದು ಇದನ್ನೇ. 'ಉಳಿಸು, ಬೆಳೆಸು, ಬಳಸು' ಅದರ ಮಂತ್ರ. ಇಂದು ಮರ ಬೀಳುವುದು ಕಾಡಿನಲ್ಲಿ ಕೊಡಲಿ ಬೀಳುವ ಎಷ್ಟೋ ಮೊದಲು, ಕಾಗದದ ಮೇಲೆ. ಆ ಕಾಗದ ಓದಲು ಕಾನೂನು ನಮಗೆ ಹಕ್ಕು ಕೊಟ್ಟಿದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಹಲವು ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಆಲಿಕೆ ನಡೆಯಬೇಕು. ಅದಕ್ಕೆ ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಅಂದರೆ ಇಲ್ಲಿ ಕನ್ನಡದಲ್ಲಿ ಸಿಗಬೇಕು. ಲಿಖಿತವಾಗಿ ಅಭಿಪ್ರಾಯ ಕಳಿಸುವುದಕ್ಕೂ ಅವಕಾಶವಿದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ, ನಿಮ್ಮೂರ ರಸ್ತೆ ಅಗಲ ಮಾಡಲು ಎಷ್ಟು ಮರ ಕಡಿಯಲು ಅನುಮತಿ ಇದೆ, ಬದಲಿಗೆ ಎಷ್ಟು ನೆಟ್ಟಿದ್ದಾರೆ ಎಂದು ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಸಂವಿಧಾನ, ಪಂಚಾಯತ್ ರಾಜ್ ಕಾಯ್ದೆ ಎಂದು ಹಗಲು ರಾತ್ರಿ ಓದುವ ನಮಗಿಂತ ಇದನ್ನು ಚೆನ್ನಾಗಿ ಮಾಡಬಲ್ಲವರು ಯಾರಿದ್ದಾರೆ? ನಮ್ಮ ಹೊಳೆಯ ಪಾತ್ರದಲ್ಲಿ ಕಬ್ಬು ಬೆಳೆಯುತ್ತಿದ್ದ ವರ್ಷಗಳಲ್ಲಿ ಇಂಥದೊಂದು ಅರ್ಜಿ ಬರೆಯಬಲ್ಲ ಹುಡುಗನೋ ಹುಡುಗಿಯೋ ಊರಲ್ಲಿದ್ದಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ಹಾರ ಹಾಕಿದ ಮೇಲೆ

ಸೈನಿಕರ ವಿಷಯಕ್ಕೆ ಬಂದರೆ ನಮ್ಮ ಪ್ರೀತಿ ಇನ್ನೂ ಜೋರು, ಮರೆವೂ ಅಷ್ಟೇ ಬೇಗ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ ಹತ್ತು ಯೋಧರು ಹೂತುಹೋದರು. ಆರು ದಿನಗಳ ಮೇಲೆ ಹಿಮದಡಿಯಲ್ಲಿ ಜೀವಂತ ಸಿಕ್ಕವರು ನಮ್ಮ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಗುಡಿ, ಮಸೀದಿ, ಚರ್ಚು ಎನ್ನದೆ ನಾಡೆಲ್ಲ ಪ್ರಾರ್ಥಿಸಿತು. ತನ್ನ ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದವರೂ ಇದ್ದರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಆಗ ನಾನು ಹೈಸ್ಕೂಲಿನಲ್ಲಿದ್ದೆ, ಶಾಲೆಯಲ್ಲಿ ಎಲ್ಲರೂ ಅತ್ತಿದ್ದೆವು. ಅಳು ಸುಳ್ಳಲ್ಲ. ಆದರೆ ಒಬ್ಬ ಯೋಧನ ಮನೆಗೆ ಮೂರನೇ ವರ್ಷವೂ ಬರುತ್ತದೆ. ಆಗ ಮಗುವಿನ ಶಾಲೆಯ ಫೀ ಇರುತ್ತದೆ, ಪಿಂಚಣಿಯ ಕಡತ ಇರುತ್ತದೆ, ಕಣ್ಣೀರು ಹಾಕಿದವರು ಇರುವುದಿಲ್ಲ.

ನಮ್ಮೂರಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಸುಬೇದಾರ ಕಾಕಾ ಎನ್ನುತ್ತೇವೆ. ಆಗಸ್ಟ್ 15ಕ್ಕೆ ಪಂಚಾಯಿತಿಯವರು ಕರೆದು ಸನ್ಮಾನ ಮಾಡುತ್ತಾರೆ. ರಕ್ಷಣಾ ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ವರ್ಷಕ್ಕೊಮ್ಮೆ, 'ನಾನು ಬದುಕಿದ್ದೇನೆ' ಎಂದು ಪ್ರಮಾಣ ಕೊಡಬೇಕು. ಒಂದು ನವೆಂಬರ್‌ನಲ್ಲಿ ಊರಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕೂತಿದ್ದರು.

"ಯವ್ವಾ, ಹಾರ ಹಾಕ್ತೀರಿ, ಫೋಟೊ ತಗಸ್ಕೊಂತೀರಿ. ಪಾಸ್‌ವರ್ಡ್ ಮರತೈತಿ ಅಂದ್ರ ಒಬ್ಬರೂ ಬರೂದಿಲ್ಲ" ಎಂದು ನಕ್ಕರು.

ಅರ್ಧ ಗಂಟೆಯ ಕೆಲಸ. ಮಾಡಿಕೊಟ್ಟೆ. ಮರುದಿನ ಪಕ್ಕದ ಓಣಿಯಿಂದ ಯೋಧನೊಬ್ಬನ ವಿಧವೆ ಬಂದರು, ಆಮೇಲೆ ಇನ್ನಿಬ್ಬರು. ಈಗ ಪ್ರತಿ ನವೆಂಬರ್‌ನಲ್ಲಿ ಎರಡು ದಿನ ಅದಕ್ಕೇ ಮೀಸಲು. ಒ.ಟಿ.ಪಿ. ಯಾರಿಗೂ ಹೇಳಬೇಡಿ, ಅದನ್ನು ನೀವೇ ಒತ್ತಿ ಎಂದು ಅವರಿಗೆ ಹೇಳಿಕೊಡುವುದೂ ಆ ಸೇವೆಯ ಭಾಗವೇ. ಮಾಜಿ ಸೈನಿಕರ ಮಕ್ಕಳಿಗೆ ವೃತ್ತಿಪರ ಕೋರ್ಸ್‌ಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಇದು ಗೊತ್ತಿಲ್ಲದ ಮನೆಗಳು ಎಷ್ಟೋ ಇವೆ. ನಿಮ್ಮ ತರಗತಿಯಲ್ಲೇ ಅಂಥ ಗೆಳತಿ ಇದ್ದರೆ ಅವಳಿಗೆ ಇದನ್ನು ಹೇಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ವಿಳಾಸ ಹುಡುಕಿಕೊಡಿ.

ಹಣ ಕೊಡಬೇಕೆನ್ನುವವರಿಗೂ ದಾರಿಗಳಿವೆ. 1949ರಿಂದ ಪ್ರತಿ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಆ ಪುಟ್ಟ ಬಾವುಟ ಭೂಸೇನೆ, ನೌಕಾಪಡೆ, ವಾಯುಪಡೆಗಳ ಗುರುತು. ಅದರ ನಿಧಿ ಹೋಗುವುದು ಮಾಜಿ ಸೈನಿಕರು, ವೀರಪತ್ನಿಯರು ಮತ್ತು ಅವರ ಮಕ್ಕಳಿಗೆ. ಸಿಆರ್‌ಪಿಎಫ್, ಬಿಎಸ್ಎಫ್‌ನಂಥ ಕೇಂದ್ರ ಪಡೆಗಳ ಹುತಾತ್ಮರ ಕುಟುಂಬಗಳಿಗಾಗಿ 2017ರಲ್ಲಿ ಗೃಹ ಸಚಿವಾಲಯ ಆರಂಭಿಸಿದ 'ಭಾರತ್ ಕೆ ವೀರ್' ಇದೆ. ಅಲ್ಲಿ ಒಬ್ಬ ಯೋಧನ ಕುಟುಂಬದ ಹೆಸರಿಗೇ ಹಣ ಹಾಕಬಹುದು. ಒಂದು ಕುಟುಂಬಕ್ಕೆ 15 ಲಕ್ಷದ ಮಿತಿಯಿದೆ. ಸುದ್ದಿಯಲ್ಲಿರುವ ಒಂದೇ ಮನೆಗೆ ಹಣ ಹರಿದು, ಸುದ್ದಿಯಾಗದ ಮನೆ ಬರಿದಾಗದಿರಲಿ ಎಂಬ ವಿವೇಕ ಅದರಲ್ಲಿದೆ.

ಇನ್ನೊಂದು ಮಾತು. ಸೈನಿಕನನ್ನು ಗೌರವಿಸುವುದೆಂದರೆ ಮೊಬೈಲ್‌ನಲ್ಲಿ ಯಾರನ್ನಾದರೂ ಬಯ್ಯುವುದು ಎಂದು ಕೆಲವು ಗೆಳೆಯರು ತಿಳಿದಂತಿದೆ. ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆಯಿರಿ. ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಭವಿಷ್ಯ ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಅವರು. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತ 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ಜಗಳವಾಡುತ್ತಿದ್ದ ಇಬ್ಬರ ನಡುವೆ ನಿಲ್ಲುವುದೂ ಸೈನಿಕನ ಕೆಲಸವೇ. ನಮ್ಮಜ್ಜಿಯನ್ನು ಎತ್ತಿದ ಆ ಹುಡುಗನೂ ಆ ದಿನ ಬಂದೂಕು ಹಿಡಿದಿರಲಿಲ್ಲ.

ನೂರು ರೂಪಾಯಿಯ ಲೆಕ್ಕ

"ಮೊದಲ ನಿನ್ನ ಕಾಲ ಮ್ಯಾಲ ನೀ ನಿಂದ್ರು, ಆಮ್ಯಾಲ ಊರ ಉದ್ಧಾರ ಮಾಡೀಯಂತ." ಅಪ್ಪನ ಈ ಮಾತು ನಿಮ್ಮ ಮನೆಯಲ್ಲೂ ಕೇಳಿಬಂದಿರುತ್ತದೆ. ಅದರಲ್ಲಿ ಸತ್ಯವಿದೆ. ಬೀಜ, ಗೊಬ್ಬರ ಎಂದು ಸಾಲ ಮಾಡಿ ನಮ್ಮನ್ನು ಓದಿಸುವವರು ಅವರು. ಆದ್ದರಿಂದ ನಾನು ನನಗೇ ಮೂರು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಸಾಲ ಮಾಡಿ ಕೊಡುವುದಿಲ್ಲ. ಮನೆಯಿಂದ ಬಂದ ಹಣದಲ್ಲಿ ಕೊಡುವುದಿಲ್ಲ. ಪರೀಕ್ಷೆಗೆ ಒಂದು ತಿಂಗಳಿರುವಾಗ ಗಿಡಕ್ಕೆ ನೀರು ಹಾಕುವುದೊಂದನ್ನು ಬಿಟ್ಟು ಬೇರೆ ಯಾವ ಸೇವೆಯೂ ಇಲ್ಲ.

ಟ್ಯೂಷನ್ ಹಣದಲ್ಲಿ ತಿಂಗಳಿಗೆ ನೂರು ರೂಪಾಯಿ ತೆಗೆದಿಡುತ್ತೇನೆ. ವರ್ಷಕ್ಕೆ 1,200. ಡಿಸೆಂಬರ್ 7ಕ್ಕೆ 300. ಉಳಿದ 900ನ್ನು ಮುಟ್ಟದೆ ಇಡುತ್ತೇನೆ. ಎಲ್ಲೋ ನೆರೆಯೋ ಬೆಂಕಿಯೋ ಆದಾಗ ಅದೇ ದಿನ ಕೊಡುವುದಿಲ್ಲ. ಎರಡು ವಾರ ಕಾಯುತ್ತೇನೆ. ಆ ಊರಿನವರು ಯಾರಾದರೂ ನಮ್ಮ ಕೋಚಿಂಗ್‌ನಲ್ಲಿ, ಹಾಸ್ಟೆಲ್‌ನಲ್ಲಿ ಸಿಕ್ಕೇ ಸಿಗುತ್ತಾರೆ. ಈಗ ಏನು ಬೇಕು ಎಂದು ಕೇಳುತ್ತೇನೆ. ಒಮ್ಮೆ ಹತ್ತನೇ ತರಗತಿಯ ಇಬ್ಬರಿಗೆ ಗೈಡ್ ಬೇಕು ಅಂದರು, ಇನ್ನೊಮ್ಮೆ ಜೆರಾಕ್ಸ್‌ಗೆ ಹಣ ಬೇಕು ಅಂದರು. ಫೋಟೊ ತೆಗೆದು ಹಾಕುವಂಥದ್ದು ಅದರಲ್ಲೇನೂ ಇರಲಿಲ್ಲ.

ಕಾಯುವುದರಿಂದ ಇನ್ನೊಂದು ಲಾಭವೂ ಇದೆ. ಮೋಸಗಾರರು ಬಲೆ ಬೀಸುವುದು ನಮ್ಮ ಕಣ್ಣು ತುಂಬಿರುವ ಮೊದಲ ಎರಡು ದಿನಗಳಲ್ಲಿ. ಸ್ಕ್ಯಾನ್ ಮಾಡಿದಾಗ ನಿಧಿಯ ಹೆಸರಿನ ಬದಲು ಯಾರದೋ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಸಂಸ್ಥೆಯಾದರೆ ನೀತಿ ಆಯೋಗದ 'ದರ್ಪಣ್' ತಾಣದಲ್ಲಿ ಅದರ ನೋಂದಣಿ ಹುಡುಕಿ, ರಸೀದಿ ಕೇಳಿ. ಸೈನಿಕರ ನಿಧಿಗಳಿಗೆ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಅಧಿಕೃತ ತಾಣದಲ್ಲೇ ಕೊಡಿ, ಗ್ರೂಪಿಗೆ ಬಂದ ಲಿಂಕ್‌ನಲ್ಲಿ ಬೇಡ. ಹಣ ಹೋಯಿತು ಅನ್ನಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟು ಸಣ್ಣ ಕೆಲಸಗಳಿಂದ ದೇಶ ಬದಲಾಗುತ್ತದೆಯೇ ಎಂದು ಗೆಳತಿಯೊಬ್ಬಳು ಕೇಳಿದ್ದಳು. ಗೊತ್ತಿಲ್ಲ. ಹೊಳೆಯ ಪಾತ್ರ ತೆರವು ಮಾಡುವುದು, ಬಿದ್ದ ಮನೆ ಕಟ್ಟಿಕೊಡುವುದು, ಯೋಧನ ಮಕ್ಕಳನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ. ನಮ್ಮ ನೂರು ರೂಪಾಯಿ ಆ ಹೊಣೆಗೆ ಬದಲಿಯಲ್ಲ. ಆದರೆ ಸರ್ಕಾರದ ಆ ನೆರವು ಮನೆ ಬಾಗಿಲಿಗೆ ಮುಟ್ಟಲು ನಡುವೆ ಓದು ಬಲ್ಲ ಒಂದು ಕೈ ಬೇಕು. ಕೆಲಸ ಸಿಗುವವರೆಗೆ ನಾವು ಯಾರಿಗೂ ಬೇಡವಾದವರು ಎಂಬ ಭಾವನೆ ನಮ್ಮಲ್ಲಿ ಎಷ್ಟು ಜನರನ್ನು ಒಳಗೇ ತಿನ್ನುತ್ತಿದೆ ಎಂಬುದು ಕೋಚಿಂಗ್ ಊರುಗಳಲ್ಲಿ ಬದುಕುವವರಿಗೆ ಗೊತ್ತು. ನೇಮಕಾತಿ ಪತ್ರ ಬರುವ ಮೊದಲೇ ನಾವು ಬೇಕಾದವರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಆದ್ದರಿಂದ ಗೆಳೆಯರೇ, ಮುಂದಿನ ಸಲ ಮನಸ್ಸು ಕಲಕುವ ಸುದ್ದಿ ಬಂದಾಗ ಕಣ್ಣೀರು ಬಂದರೆ ಬರಲಿ, ತಡೆಯಬೇಡಿ. ಕಣ್ಣೊರೆಸಿಕೊಂಡ ಮೇಲೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಇಪ್ಪತ್ತು ದಿನ ಮುಂದೆ ಎಣಿಸಿ, ಆ ತಾರೀಕಿಗೆ ಒಂದು ಗುರುತು ಹಾಕಿ. ಆ ದಿನ ಒಂದು ಫೋನ್ ಮಾಡಿ, "ಈಗ ಏನು ಬೇಕು?" ಎಂದು ಕೇಳಿ. ಆ ಕಡೆ ಫೋನ್ ಎತ್ತಿದವರು ಸ್ವಲ್ಪ ಹೊತ್ತು ಸುಮ್ಮನಿರಬಹುದು. ಕಾಯಿರಿ. ಅಷ್ಟು ದಿನ ಆದ ಮೇಲೆ ಕೇಳುವವರು ಇರುತ್ತಾರೆಂದು ಅವರು ಎಣಿಸಿರುವುದಿಲ್ಲ.